ಗೋದುಬಾಯಿಯ ದನಿ ಕದ್ದವರು

"ನಮ್ಮಜ್ಜಿ ದನಿ ಕಳುವಾಗೇತ್ರಿ, ಬಾಯಾರ" ಎಂದಳು ಲಕ್ಷ್ಮಿ.

ಹಳಿಯಾಳದ ಬಸ್ ನಿಲ್ದಾಣದ ಹಿಂದಿನ ಆ ಪಡಸಾಲೆಯಲ್ಲಿ ಕುಳಿತು ಸಿದ್ದಲಿಂಗ ಎಷ್ಟೋ ಕಳವಿನ ಕತೆ ಕೇಳಿದ್ದ. ಎತ್ತು ಕಳುವಾದದ್ದು, ಬೋರ್‌ವೆಲ್ಲಿನ ಮೋಟರು ಕಳುವಾದದ್ದು, ಒಮ್ಮೆ ಮದುವೆಯ ಹಿಂದಿನ ದಿನ ವರನೇ ಕಳುವಾದದ್ದು. ದನಿ ಕಳುವಾದದ್ದು ಇದೇ ಮೊದಲು. ನಗಲು ಹೊರಟವನು ಹುಡುಗಿಯ ಮುಖ ನೋಡಿ ಬಾಯಿ ಮುಚ್ಚಿಕೊಂಡ.

ಆ ಮನೆ ಸುಶೀಲವ್ವನವರದು. ಪೊಲೀಸ್ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದವರು. ನಿವೃತ್ತಿ ಹೆಸರಿಗೆ ಮಾತ್ರ. ಜೊಯಿಡಾದಿಂದ ಮುಂಡಗೋಡದವರೆಗೆ ಠಾಣೆಯವರು ಕೈಕೊಡವಿದ ತಕರಾರುಗಳೆಲ್ಲ ಅವರ ಹೊಸ್ತಿಲಿಗೇ ಬರುತ್ತಿದ್ದವು. ಸಿದ್ದಲಿಂಗ ಪಕ್ಕದ ಮನೆಯವನು, ಕಾಲೇಜೊಂದರ ಗ್ರಂಥಪಾಲಕ. ಅವರ ಸ್ಕೂಟರ್ ಓಡಿಸುವವನೂ ಅವನೇ, ಅವರಿಂದ ಬೈಸಿಕೊಳ್ಳುವವನೂ ಅವನೇ.

"ಠಾಣೆಗೆ ಹೋಗಿದ್ಯಾ?" ಎಂದು ಕೇಳಿದರು ಸುಶೀಲವ್ವ.

"ಹೋಗಿದ್ದೆ ರೀ. ದನಿ ತುಂಬಿದ ಮೆಮರಿ ಕಾರ್ಡ್ ಕಳುವಾಗೇತಿ ಅಂದೆ. ಉಗುರಿನಷ್ಟು ಕಾರ್ಡಿಗೆ ಕೇಸ್ ಬರ್ಕೋಬೇಕೇನು ಅಂದ್ರು."

"ಅಜ್ಜಿನ್ನ ಇನ್ನೊಮ್ಮೆ ಮಾತಾಡಿಸಿ ರೆಕಾರ್ಡ್ ಮಾಡಿದ್ರಾತಲ್ಲ" ಎಂದ ಸಿದ್ದಲಿಂಗ.

"ಅಜ್ಜಿಗೆ ಲಕ್ವಾ ಹೊಡದೇತ್ರಿ. ಬಲಗೈ ಬಿದ್ದೈತಿ. ಮಾತು ನಿಂತೈತಿ."

ಸುಶೀಲವ್ವ ಅವನತ್ತ ಒಂದು ನೋಟ ಬೀರಿದರು. ಎಲ್ಲಿ ಬಾಯಿ ಹಾಕಬೇಕು, ಎಲ್ಲಿ ಹಾಕಬಾರದು ಎಂಬುದು ಈ ಮನುಷ್ಯನಿಗೆ ಇಷ್ಟು ವರ್ಷವಾದರೂ ತಿಳಿಯಲಿಲ್ಲ.

ಲಕ್ಷ್ಮಿ ಸಾಂಬ್ರಾಣಿ ಊರಿನ ಆಚೆ, ಎಮ್ಮೆ ಸಾಕುವ ಗೌಳಿಗರ ಕೇರಿಯಾದ ಗೌಳಿವಾಡದ ಹುಡುಗಿ. ಅಜ್ಜಿ ಗೋದುಬಾಯಿಯ ದನಿಯನ್ನು ಹಿಡಿದಿಟ್ಟವರು ದಾಂಡೇಲಿಯ ಬಂಗೂರನಗರದಲ್ಲಿ ನೆಲೆಸಿದ್ದ ಅಡಿವೆಯ್ಯನವರು, ಮಠದ ಮನೆತನದವರು, ಇತಿಹಾಸದ ನಿವೃತ್ತ ಪ್ರಾಧ್ಯಾಪಕರು. ಯುರೋಪಿನ ಶಾಲೆಗಳು ಮಕ್ಕಳ ಮನೆಮಾತನ್ನು ಹೇಗೆ ಹೊಸಕಿಹಾಕಿದವು ಎಂಬುದರ ಮೇಲೆ ಇಡೀ ಆಯುಷ್ಯ ಕಳೆದವರು. ಫ್ರಾನ್ಸಿನ ಬ್ರಿಟನಿಯಲ್ಲಿ, ಬ್ರಿಟನ್ನಿನ ವೇಲ್ಸಿನಲ್ಲಿ ಶಾಲೆಯೊಳಗೆ ಮನೆಮಾತು ಆಡಿದ ಮಗುವಿನ ಕೊರಳಿಗೆ ಮರದ ತುಂಡೊಂದನ್ನು ತೂಗುಹಾಕುತ್ತಿದ್ದರಂತೆ. ಆ ಮಗು ಮನೆಮಾತು ಆಡಿದ ಇನ್ನೊಂದು ಮಗುವನ್ನು ಹಿಡಿದುಕೊಟ್ಟರೆ ತುಂಡು ಅದರ ಕೊರಳಿಗೆ ದಾಟುತ್ತಿತ್ತು. ಸಂಜೆ ಶಾಲೆ ಬಿಡುವಾಗ ಯಾರ ಕೊರಳಲ್ಲಿ ಇರುತ್ತದೋ ಅವರಿಗೆ ಛಡಿ ಏಟು.

ಇದನ್ನು ಓದಿದ ದಿನ ಅಡಿವೆಯ್ಯನವರ ಮೈ ಜುಮ್ಮೆಂದಿತ್ತು. ಅವರ ಹುಟ್ಟೂರಿನ ಶಾಲೆಯಲ್ಲೂ ಹೆಡ್‌ಮಾಸ್ತರರೊಬ್ಬರು ಇದನ್ನೇ ನಡೆಸಿದ್ದರು. ಊರಿನ ಹೆಸರು ಬೇಡ. ಅಲ್ಲಿ ಈಗ ಒಳ್ಳೆಯ ಮಾಸ್ತರರಿದ್ದಾರೆ, ಅವರ ಹೊಟ್ಟೆ ಯಾಕೆ ಉರಿಸುವುದು. ಆ ಹೆಡ್‌ಮಾಸ್ತರರಿಗೆ ಪುಸ್ತಕದ ಕನ್ನಡವೇ ಆಗಬೇಕಿತ್ತು. ಗೌಳಿಗರ ಮಾತಿರಲಿ, ಊರ ಕನ್ನಡವಿರಲಿ, ಮನೆಯ ಮಾತು ಬಾಯಿಂದ ಬಂದರೆ ಕೊರಳಿಗೆ 'ಕಟಗಿ' ಬೀಳುತ್ತಿತ್ತು. ಒಂದು ಸಂಜೆ ಗೋದುಬಾಯಿಯ ಅಣ್ಣ ಧೋಂಡು ಏಟಿಗೆ ಹೆದರಿ ಕಟಗಿ ಸಮೇತ ಓಡಿಹೋದ. ಮರುದಿನ ಅವನ ಹೆಣ ಕೆರೆಯಲ್ಲಿ ತೇಲಿತು. ಆ ಮಗುವಿಗೆ ಕಟಗಿ ದಾಟಿಸಿದವರು ಯಾರು ಎಂಬುದು ಯಾರಿಗೂ ಗೊತ್ತಿಲ್ಲ ಎಂದು ಅಡಿವೆಯ್ಯನವರು ಪ್ರತಿ ಲೇಖನದಲ್ಲೂ ಬರೆಯುತ್ತಿದ್ದರು.

"ರೆಕಾರ್ಡ್ ಮಾಡುಮುಂದ ನೀ ಎಲ್ಲಿದ್ದಿ?" ಸುಶೀಲವ್ವ ಕೇಳಿದರು.

"ಹೊರಗ ರೀ. ಅಯ್ಯಾರೂ ಹೊರಗ. ಮಿಷನ್ ಮುಂದಿಟ್ಟು, 'ಸತ್ತವ್ರ ಜೋಡಿ ಮಾತಾಡಿದಂಗ ನಿಮ್ಮ ಮನಿ ಮಾತಿನಾಗ ಒಬ್ರ ಮಾತಾಡ್ರಿ' ಅಂತ ಎಲ್ಲಾ ಮುದುಕ್ರಿಗೂ ಹೇಳ್ತಾರ. ಅಜ್ಜಿ ಭಾಳ ಹೊತ್ತು ಮಾತಾಡಿದ್ಲು. ಯಾರಿಗೂ ಹೇಳಲಾರದ್ದು ಹೇಳಿದ್ಲು ಅನಸ್ತೈತಿ. ನನಗದು ಬೇಕ್ರಿ. ಅಕಿ ದನಿ ಇನ್ನ ಎಲ್ಲೂ ಇಲ್ಲ."

ಬಂಗೂರನಗರದ ಮನೆಯಲ್ಲಿ ಅಡಿವೆಯ್ಯನವರು ಹೆಣ ಮಣ್ಣು ಮಾಡಿ ಬಂದವರಂತೆ ಕುಳಿತಿದ್ದರು. ಮೇಜಿನ ಮೇಲೆ ಸ್ಟೀಲಿನ ಡಬ್ಬಿ. ಅದರಲ್ಲಿ ಸಣ್ಣ ಸಣ್ಣ ಲಕೋಟೆಗಳು, ಒಂದೊಂದರಲ್ಲಿ ಒಂದು ಕಾರ್ಡು, ಮೇಲೆ ಬರೇ ಒಂದು ಅಂಕಿ. ಗೋದುಬಾಯಿಯ ಲಕೋಟೆ ಮಾತ್ರ ಖಾಲಿ. ಕಂಪ್ಯೂಟರಿನಲ್ಲಿದ್ದ ಪ್ರತಿಯನ್ನೂ ಕದ್ದವರು ಅಳಿಸಿದ್ದರು. ದಾಂಡೇಲಿಯ ರಿಪೇರಿಯವನು ನೋಡಿ, ಇನ್ನು ಬರುವುದಿಲ್ಲ ಎಂದು ಹೇಳಿ ಹೋಗಿದ್ದ.

"ಏನು ಹೇಳ್ಯಾಳ ಅದರಾಗ?" ಎಂದರು ಸುಶೀಲವ್ವ.

"ನನಗ ಗೊತ್ತಿಲ್ರಿ. ಗೌಳಿಗರ ಮಾತು ನನಗ ತಿಳಿಯಂಗಿಲ್ಲ." ಅಡಿವೆಯ್ಯನವರು ತಲೆ ತಗ್ಗಿಸಿದರು. "ಫ್ರೆಂಚ್ ಕಲ್ತೆ, ಇದನ್ನ ಕಲೀಲಿಲ್ಲ. ನನ್ನ ಜೋಡಿ ಕೆಲಸಾ ಮಾಡ್ತಿದ್ದ ರೋಹಿತ ತಿಳಿಸಿ ಹೇಳಾಂವಿದ್ದ. ಅಂವ ಜಗಳಾಡಿ ಹೋದಮ್ಯಾಲ ಆ ಕಾರ್ಡ್ ಹಂಗ ಬಿದ್ದಿತ್ತು."

ಸೊಸೆ ಸುಮಿತಾ ಚಹಾ ತಂದಳು. ಬೆಳಗಾವಿಯವಳು, ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ ಆಡಿ ಬೆಳೆದವಳು. ಕೂಸುಗಳ ಅಳು, ಕೋಳಿಯ ಕೂಗು ಇಂಥ ಗದ್ದಲವನ್ನೆಲ್ಲ ತೆಗೆದು ರೆಕಾರ್ಡಿಂಗನ್ನು ಹಸನು ಮಾಡುವ ಕೆಲಸ ಅವಳದು.

"ಆ ಕಾರ್ಡ್ ಮಾತ್ರ ನಾ ಇನ್ನೂ ಹಚ್ಚಿ ಕೇಳಿದ್ದಿಲ್ರಿ. ಬಂದಂಗ ಕಾಪಿ ಮಾಡಿ ಇಟ್ಟಿದ್ದೆ" ಎಂದಳು. ಲಕ್ಷ್ಮಿಯ ಪಕ್ಕ ಕುಳಿತು ಬೆನ್ನು ಸವರಿದಳು. "ಎಂಥಾ ಜೀವ ನಿಮ್ಮಜ್ಜೀದು. ಅಷ್ಟು ಸಣ್ಣ ಹುಡುಗಿ, ಅಣ್ಣನ ಟೊಪಗಿ ಎದಿಗವಚಿಕೊಂಡು ಹೊತ್ತು ಮುಳುಗೂತನಾ ಕೆರಿ ದಂಡಿಗೆ ಕುಂತಿದ್ಲು. ನೆನಸಿದ್ರ ಕರುಳು ಕಿತ್ತು ಬರತೈತವ್ವ."

ಸುಶೀಲವ್ವ ಚಹಾ ಕುಡಿದು ಬಸಿಯನ್ನು ಕೆಳಗಿಟ್ಟರು.

ಮುಂದಿನ ಎರಡು ಭೇಟಿಗಳಲ್ಲಿ ಸಿದ್ದಲಿಂಗನ ಅನುಮಾನ ಎರಡು ಸಲ ಬದಲಾಯಿತು. ದಾಂಡೇಲಿಯ ಬಾಡಿಗೆ ಕೋಣೆಯಲ್ಲಿ ಸಿಕ್ಕ ರೋಹಿತ ಸಿಟ್ಟು ಮುಚ್ಚಿಡಲಿಲ್ಲ. "ದುಡದಾಂವ ನಾನು, ಹೆಸರು ಸರ್‌ದು. ಜಗಳ ಆಡೇನ್ರಿ, ಹೌದು. ಆದ್ರ ಅಕಿ ಬಾಯಿ ಬಿಡ್ಲಿ ಅಂತ ವರ್ಷಗಟ್ಟಲೆ ಗೌಳಿವಾಡಕ್ಕ ಅಡ್ಡಾಡಿದಾಂವ ನಾನ. ಅದನ್ನ ಕೇಳೂ ಯೋಗ ನನಗ ಬರಲಿಲ್ಲ." ಹಾಗೆಂದು ಗೋಡೆಯ ಕಡೆ ತಿರುಗಿ ಕುಳಿತ.

ಜ್ಯೋತಿಬಾ ಆ ಹೆಡ್‌ಮಾಸ್ತರರ ಮಗ, ಹಳಿಯಾಳದಲ್ಲಿ ಕಿರಾಣಿ ಅಂಗಡಿ ಇಟ್ಟವನು. ಕಳವಿನ ಹಿಂದಿನ ದಿನವೇ ಬಂಗೂರನಗರದ ಮನೆಗೆ ಹೋಗಿ ಕೂಗಾಡಿ ಬಂದಿದ್ದ. "ನಮ್ಮಪ್ಪ ಸತ್ತು ಎಷ್ಟು ವರ್ಷಾತು. ಈಗ ಅಂವನ ಮಾನಾ ತಗೀತಾರ. ಈ ಅಯ್ಯಾರೂ ಅಂವನ ಕೈಯಾಗ ಕಲ್ತು ದೊಡ್ಡವ್ರಾದವ್ರ ಅಲ್ಲೇನ್ರಿ?" ಎಂದು ತಕ್ಕಡಿಯನ್ನು ಕುಟ್ಟಿದ.

"ಇವನ" ಎಂದ ಸಿದ್ದಲಿಂಗ, ಅಂಗಡಿಯಿಂದ ಇಳಿಯುತ್ತಲೇ.

"ಸ್ಕೂಟರ್ ಹಚ್ಚು" ಎಂದರು ಸುಶೀಲವ್ವ.

ಆಮೇಲೆ ಅವರು ಮಾಡಿದ್ದು ಇಷ್ಟೇ: ಡಬ್ಬಿಯಲ್ಲಿ ಉಳಿದ ಕಾರ್ಡುಗಳನ್ನೆಲ್ಲ ಕೂತು ಕೇಳಿದರು. ಎಲ್ಲವೂ ಊರ ಕನ್ನಡದವು. ಮುದುಕರು ಸತ್ತವರೊಡನೆ ಆಡಿದ ಮಾತುಗಳು. ಸಿದ್ದಲಿಂಗ ಅರ್ಧಕ್ಕೇ ಎದ್ದು ಅಂಗಳಕ್ಕೆ ಹೋದ. ಅಷ್ಟು ದುಃಖವನ್ನು ಒಟ್ಟಿಗೆ ಕೇಳುವ ಗಟ್ಟಿತನ ಅವನಲ್ಲಿರಲಿಲ್ಲ. ಕೊನೆಗೆ ಸುಶೀಲವ್ವ ಲಕ್ಷ್ಮಿಗೆ ಫೋನ್ ಮಾಡಿ ಒಂದೇ ಮಾತು ಕೇಳಿದರು.

"ಅಣ್ಣನ ಸುದ್ದಿ ನಿಮ್ಮಜ್ಜಿ ಮನ್ಯಾಗ ಏನೇನು ಹೇಳಿದ್ಲು?"

"ಏನೂ ಇಲ್ರಿ. ಒಬ್ಬ ಅಣ್ಣ ಇದ್ದ, ಕೆರ್ಯಾಗ ಹ್ವಾದ. ಅಷ್ಟ."

ಸುಶೀಲವ್ವ ಫೋನ್ ಇಟ್ಟರು. ಕೇಸು ಬಿಡಿಸಿದಾಗ ಅವರು ಸಾಮಾನ್ಯವಾಗಿ ಒಂದು ಅಡಿಕೆ ಬಾಯಿಗೆ ಹಾಕಿಕೊಳ್ಳುವವರು. ಅಂದು ಹಾಕಿಕೊಳ್ಳಲಿಲ್ಲ.

ಭಾನುವಾರ ಮಧ್ಯಾಹ್ನ ಅಡಿವೆಯ್ಯನವರ ಪಡಸಾಲೆಯಲ್ಲಿ ಎಲ್ಲರೂ ಸೇರಿದರು. ಜ್ಯೋತಿಬಾ ಬಾಗಿಲ ಬಳಿ, ರೋಹಿತ ಕಿಟಕಿಯ ಬಳಿ, ಲಕ್ಷ್ಮಿ ನೆಲದ ಮೇಲೆ. ಕುರ್ಚಿ ಕೊಟ್ಟರೂ ಅವಳು ಕೂರಲಿಲ್ಲ. ಸುಮಿತಾ ಮಾವನ ಹಿಂದೆ ನಿಂತಿದ್ದಳು.

"ಜ್ಯೋತಿಬಾ ಕದ್ದಿಲ್ಲ" ಎಂದು ಶುರುಮಾಡಿದರು ಸುಶೀಲವ್ವ. "ಉಳಿದ ಕಾರ್ಡ್ ಎಲ್ಲಾ ನಾ ಕೇಳೇನಿ. ಒಂದೊಂದರಾಗೂ ಅವರಪ್ಪನ ಹೆಸರು ಐತಿ, ಬಾಯಿಗೆ ಬಂದಂಗ ಬೈದಾರ. ಅಪ್ಪನ ಮಾನ ಉಳಸಾಂವ ಇಡೀ ಡಬ್ಬಿ ಒಯ್ತಿದ್ದ, ಒಂದ ಕಾರ್ಡ್ ಒಯ್ದು ಏನು ಮಾಡ್ತಾನ?"

ಜ್ಯೋತಿಬಾ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ.

"ರೋಹಿತ ಕೆಲಸಾ ಬಿಟ್ಟಮ್ಯಾಲ ಬಂದ ಕಾರ್ಡದು. ಅದರಾಗ ಏನೈತಿ ಅಂತ ಅವಗ ಗೊತ್ತಿಲ್ಲ, ಲಕೋಟಿ ಮ್ಯಾಲ ಬರೇ ಅಂಕಿ. ಸಿಟ್ಟಿಗಾದ್ರ ಎಲ್ಲಾ ಹಾಳ ಮಾಡ್ತಿದ್ದ, ಕೇಳೂ ಆಸೆಗಾದ್ರ ಕಂಪ್ಯೂಟರಿನಾಗಿಂದು ಅಳಸ್ತಿದ್ದಿಲ್ಲ. ಹಂಗಾರ ಕದ್ದವ್ರು ಆ ಕಾರ್ಡ್ ಕೇಳ್ಯಾರ. ಬ್ಯಾರೆ ಯಾವ ಕಾರ್ಡಿನಾಗೂ ಇಲ್ಲದ್ದು ಏನೋ ಅದರಾಗ ಕೇಳ್ಯಾರ. ಕೇಳಿ ತಿಳೀಬೇಕಂದ್ರ ಗೌಳಿಗರ ಮಾತಿಗೆ ಹತ್ತರದ ಮರಾಠಿ ಆದ್ರೂ ಬರಬೇಕು. ಅಯ್ಯಾರಿಗೆ ಬರಂಗಿಲ್ಲ. ಈ ಮನ್ಯಾಗ ಮರಾಠಿ ಬರೋದು ಒಬ್ಬರಿಗೆ."

ಯಾರೂ ಸುಮಿತಾಳ ಕಡೆ ತಿರುಗಲಿಲ್ಲ. ತಿರುಗದೆ ಇದ್ದದ್ದನ್ನೇ ಸಿದ್ದಲಿಂಗನಿಗೆ ತಡೆಯಲಾಗಲಿಲ್ಲ.

"ಕಾರ್ಡ್ ಕೇಳೇ ಇಲ್ಲ ಅಂದ್ಯವ್ವ ನೀ" ಎಂದರು ಸುಶೀಲವ್ವ. " ಮತ್ತ ಟೊಪಗಿ ಸುದ್ದಿ ಎಲ್ಲಿಂದ ಬಂತು? ಆ ಮುದುಕಿ ಮೊಮ್ಮಗಳಿಗೆ ಹೇಳಿಲ್ಲ. ಉಳಿದ ಯಾವ ಕಾರ್ಡಿನಾಗೂ ಅದಿಲ್ಲ. ತನ್ನ ಅಣ್ಣಗ ಮಾತ್ರ ಹೇಳ್ಕೊಂಡಾಳ, ಮಿಷನ್ ಮುಂದ ಒಬ್ಬಾಕಿ ಕುಂತು."

ಸುಮಿತಾ ಅಲ್ಲಗಳೆಯಲಿಲ್ಲ. "ಜ್ಯೋತಿಬಾ ಅಣ್ಣಾರು ಜಗಳಕ್ಕ ಬಂದಿದ್ರು. ಅಪವಾದ ಅವರ ಮ್ಯಾಲ ಹೋಗ್ತೈತಿ ಅನಿಸ್ತು. ಬಚ್ಚಲ ಒಲಿಗೆ ಹಾಕಿದೆ. ಮಾಡಿದಾಕಿ ನಾನ. ಠಾಣೆಗೆ ಬರ್ತೇನಿ. ಅಷ್ಟಕ್ಕ ಬಿಡ್ರಿ ಅಕ್ಕಾರ. ಯಾಕಂತ ಕೇಳಬ್ಯಾಡ್ರಿ."

"ನಾ ಕೇಳೂದಿಲ್ಲ" ಎಂದರು ಸುಶೀಲವ್ವ. ಅವರ ದನಿ ಇಳಿದಿತ್ತು. "ಆದ್ರ ಅದು ನಿನ್ನ ಮಾತಲ್ಲ, ನಂದೂ ಅಲ್ಲ. ಅದರ ವಾರಸುದಾರಳು ಅಲ್ಲಿ ಕುಂತಾಳ."

ಲಕ್ಷ್ಮಿ ತಲೆಯೆತ್ತಿದಳು. "ದನಿ ಅಂತೂ ಹೋತು. ಏನು ಹೇಳಿದ್ಲು ಅದಾರ ಹೇಳ್ರಿ. ಈಗ ಅಕಿ ಮಾತು ಗೊತ್ತಿರೂದು ನಿಮಗೊಬ್ರಿಗೇ."

"ಬ್ಯಾಡವ್ವ."

"ನಿಮ್ಮ ಕಾಲಿಗೆ ಬೀಳ್ಲೇನ್ರಿ?"

ಸುಮಿತಾ ಮಾವನ ಕುರ್ಚಿಯನ್ನು ಬಿಗಿಯಾಗಿ ಹಿಡಿದಳು. ಆಮೇಲೆ ಎಲ್ಲರ ತಲೆಯ ಮೇಲಿಂದ ಗೋಡೆ ನೋಡುತ್ತ, ಮುದುಕಿಯ ಮಾತನ್ನು ಕನ್ನಡಕ್ಕೆ ತಿರುಗಿಸಿ ಹೇಳತೊಡಗಿದಳು. ಟೊಪಗಿಯ ಸುದ್ದಿ ಹೇಳಿದಳು, ಅವ್ವ ಕೂಳು ಬಿಟ್ಟು ಸತ್ತದ್ದು ಹೇಳಿದಳು.

"ಕಡೀಕ ಇಷ್ಟಂದ್ಲು: 'ಧೋಂಡು, ಮಠದ ಅಯ್ಯನ ಮಗ ಬಂದಾನ. ನಿನ್ನ ಕೊರಳಿಗೆ ಕಟಗಿ ಹಾಕಿದಾಂವ. ಆಟಾ ಆಡೂಣು ಬಾ ಅಂತ ನಿನ್ನಿಂದನ ಕಲ್ತ ನಾಕು ಮಾತಿನಾಗ ನಿನ್ನ ಕರದು, ನೀ ನಮ್ಮ ಮಾತಿನಾಗ ಬಂದೆ ಅಂದಕೂಡ್ಲೆ ಹಿಡಕೊಟ್ಟಾಂವ. ನಾ ಅಲ್ಲೇ ಇದ್ದೆ. ಈಗ ಮುದುಕ ಆಗ್ಯಾನ, ಹೊರಗ ಗಿಡದ ನೆಳ್ಳಾಗ ಕುಂತಾನ. ನಾ ನೋಡೇನಿ ಅಂತ ಅವಗ ಗೊತ್ತಿಲ್ಲ. ಹೇಳ್ಲೋ, ಬ್ಯಾಡೋ?'"

ಮಠದ ಅಯ್ಯನ ಮಗ ಯಾರೆಂದು ಆ ಕೋಣೆಯಲ್ಲಿ ಯಾರೂ ಕೇಳಬೇಕಾಗಿರಲಿಲ್ಲ. ರೋಹಿತ ಕಿಟಕಿಯಿಂದ ಎದ್ದು ನಿಂತ. ಅಡಿವೆಯ್ಯನವರು ಎದೆಯ ಮೇಲಿನ ಲಿಂಗದ ಕಾಯಿಯನ್ನು ಹಿಡಿದುಕೊಂಡರು.

"ಕಟಗಿ ನನಗೂ ಬಿದ್ದಿತ್ತು" ಎಂದರು. "ಸಂಜಿ ಒಳಗ ಯಾರಿಗೋ ದಾಟಿಸಿದೆ. ಯಾರಿಗಂತ ನೆನಪಿಲ್ಲ. ಮರುದಿನ ನನಗ ಜ್ವರ. ಎದ್ದು ಓಡ್ಯಾಡೂಹೊತ್ತಿಗೆ ಆ ಮಾತು ಮನ್ಯಾಗ ಯಾರೂ ಎತ್ತಲಿಲ್ಲ. ಎಲ್ಲಾರನೂ ಕೇಳ್ಕೋತ ಬಂದೆ ನಾ, ಯಾರು ಕೊಟ್ರು, ಯಾರು ಕೊಟ್ರು ಅಂತ. ನನ್ನನ್ನ ನಾ ಕೇಳಲಿಲ್ಲ."

"ನಿಮಗ ತಿಳೀಬಾರದು ಅಂತನ ಸುಟ್ಟೆ, ಮಾವಾರ" ಎಂದಳು ಸುಮಿತಾ.

ಇದನ್ನು ಗೆದ್ದ ಕೇಸೆಂದು ಸುಶೀಲವ್ವ ಎಲ್ಲೂ ಹೇಳಿಕೊಂಡಿಲ್ಲ. ಪತ್ತೆ ಮಾಡದೆ ಬಿಟ್ಟಿದ್ದರೆ ಲಕ್ಷ್ಮಿಗೆ ಅನ್ಯಾಯ. ಪತ್ತೆ ಮಾಡಿದ್ದರಿಂದ ಆ ಮುದುಕನಿಗೆ ಬದುಕಿರುವಷ್ಟು ದಿನ ನಿದ್ದೆಯಿಲ್ಲ. ಇಂಥ ಲೆಕ್ಕಕ್ಕೆ ಉತ್ತರವಿದೆ ಎಂದು ಯಾರಾದರೂ ಹೇಳಿದರೆ ಸಿದ್ದಲಿಂಗ ಅವರ ಕಪಾಳಕ್ಕೆ ಬಾರಿಸುತ್ತಿದ್ದ, ಅಷ್ಟು ಸಿಟ್ಟು ಅವನಿಗೆ ಬಂದಿತ್ತು.

ಲಕ್ಷ್ಮಿ ಸುಮಿತಾಳ ಮೇಲೆ ದೂರು ಕೊಡಲಿಲ್ಲ. ಕೊಟ್ಟು ಏನು ಸಿಗುವುದಿತ್ತು.

ಅಡಿವೆಯ್ಯನವರು ಹಟ ಹಿಡಿದದ್ದರಿಂದ ಮುಂದಿನ ವಾರ ಎಲ್ಲರೂ ಗೌಳಿವಾಡಕ್ಕೆ ಹೋದರು. ಗೋದುಬಾಯಿ ಗುಡಿಸಲ ಮೂಲೆಯಲ್ಲಿ ಮಲಗಿದ್ದಳು. ಬಾಯಿ ಒಂದು ಕಡೆ ವಾಲಿತ್ತು, ಕಣ್ಣುಗಳು ಮಾತ್ರ ಚುರುಕಾಗಿದ್ದವು. ಅಡಿವೆಯ್ಯನವರು ಅವಳ ಪಕ್ಕ ಮಂಡಿಯೂರಿದರು. ಜಗತ್ತಿನ ಭಾಷೆಗಳ ಬಗ್ಗೆ ಆಯುಷ್ಯವಿಡೀ ಮಾತಾಡಿದ ಮನುಷ್ಯ ಲಕ್ಷ್ಮಿಯ ಕಡೆ ತಿರುಗಿ ಕೈಮುಗಿದರು.

"ನಿಮ್ಮ ಮಾತಿನಾಗ ಹೇಳವ್ವ ಅಕಿಗೆ. ತಪ್ಪಾತು ಅಂತ ಹೇಳು. ನನಗ ನಿಮ್ಮ ಮಾತು ಬರಂಗಿಲ್ಲ."

ಲಕ್ಷ್ಮಿ ಅಜ್ಜಿಯ ತಲೆದಿಂಬು ಸರಿಮಾಡಿದಳು.

"ನೀವ ಹೇಳ್ರಿ ಅಯ್ಯಾರ. ಅಜ್ಜಿಗೆ ಕನ್ನಡ ತಿಳೀತೈತಿ. ಸಾಲ್ಯಾಗ ಬಡದು ಕಲಿಸ್ಯಾರಲ್ಲ."

ಅಡಿವೆಯ್ಯನವರು ಹೇಳಿದರು. ನಡುವೆ ತಡವರಿಸಿ, ಮತ್ತೆ ಮೊದಲಿನಿಂದ ಹೇಳಿದರು. ಗೋದುಬಾಯಿ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಎಡಗೈಯಿಂದ ಕೌದಿಯನ್ನು ಮುಖದ ಮೇಲಕ್ಕೆ ಎಳೆದುಕೊಂಡಳು.