ಅರ್ಧ ಸ್ವರ ಕೆಳಗೆ

“ಈ ಸಿಡಿ ಸ್ಲೋ ಓಡಾಕತ್ತೈತ್ರಿ. ವಾಪಸ್ ತಗೋರಿ.”

ಭರಮು ತಲೆಯೆತ್ತಿದ. ನಿಪ್ಪಾಣಿಯ ಬಸ್‌ಸ್ಟ್ಯಾಂಡಿಗೆ ಹತ್ತಿರದ ಅವನ ಸಿಡಿ ಅಂಗಡಿಯ ಬಾಗಿಲಲ್ಲಿ ಸಾರಿಕಾ ನಿಂತಿದ್ದಳು. ಆಸ್ಪತ್ರೆಯ ಲ್ಯಾಬಿನಿಂದ ನೇರವಾಗಿ ಬಂದಿರಬೇಕು, ಬಿಳಿ ಕೋಟು ಮಡಚಿ ಕೈಮೇಲೆ ಹಾಕಿಕೊಂಡಿದ್ದಳು. ಮುಖದಲ್ಲಿ ಸಿಟ್ಟಿರಲಿಲ್ಲ, ಬೇಸರವೂ ಇರಲಿಲ್ಲ. ಸೂಜಿ ಚುಚ್ಚುವ ಮೊದಲು ‘ಮುಷ್ಟಿ ಹಿಡೀರಿ’ ಅನ್ನುತ್ತಾಳಲ್ಲ, ಅದೇ ಧ್ವನಿ.

“ಹೊಸಾ ಸಿಡಿ ಐತ್ರಿ. ನಿಮ್ಮ ಸಂಬಂಧನ ಪುಣೆದಿಂದ ತರಿಸೇನಿ.”

“ಹೊಸಾದಿರಬಹುದು. ಆದ್ರ ಅರ್ಧ ಸ್ವರ ಕೆಳಗ ಐತಿ. ಲಖನ ಬಾರಸತಿದ್ದದ್ದು ಹಾರ್ಮೋನಿಯಂದಾಗ ಬಿಳಿ ಎರಡನೇ ಮನಿಯಿಂದ ಸುರು ಆಗ್ತಿತ್ತು. ಇದು ಅದರ ಕೆಳಗಿನ ಕರಿ ಮನಿಯಿಂದ ಸುರು ಆಗ್ತೈತಿ. ಮನ್ಯಾಗ ಪೇಟಿ ತಗದು ನೋಡೇನಿ.”

ಲಖನ ಅವಳ ಗಂಡ. ಸೈನ್ಯದ ಬ್ಯಾಂಡಿನಲ್ಲಿ ಬೆಳ್ಳಿ ಬಣ್ಣದ ವಿಲಾಯತಿ ಫ್ಲೂಟ್ ನುಡಿಸುತ್ತಿದ್ದವನು. ರಜೆಗೆ ಬಂದಾಗ ಮೆಟ್ಟಿಲ ಮೇಲೆ ಕೂತು ಒಂದೇ ಒಂದು ನಿಧಾನದ ಧುನ್ ಮತ್ತೆ ಮತ್ತೆ ಅಭ್ಯಾಸ ಮಾಡುತ್ತಿದ್ದ. ಹಾಗೆ ರಜೆಯಲ್ಲಿದ್ದಾಗಲೇ ಕಾಮಾಲೆ ಆಯಿತು. ಅವನ ರಕ್ತ ಪರೀಕ್ಷೆ ಮಾಡಿದವಳು ಸಾರಿಕಾಳೇ. ಫಲಿತಾಂಶ ನೋಡಿ, ನಂಬದೆ ಇನ್ನೊಮ್ಮೆ ಪರೀಕ್ಷಿಸಿ, ರಿಪೋರ್ಟಿಗೆ ಸಹಿ ಹಾಕಿದ್ದಳು.

ಅವನು ತೀರಿಹೋದಾಗ ಅವಳು ಅಳಲಿಲ್ಲ. ಓಣಿಯ ಹೆಂಗಸರು ಕಾದರು. ಅತ್ತೆ ಸುಂದರಾ ಕಾದಳು. ಬುದ್ಧವಂದನೆ ಮುಗಿಯಿತು, ನೆಂಟರು ಬಸ್ಸು ಹತ್ತಿದರು, ಸಾರಿಕಾ ಡ್ಯೂಟಿಗೆ ಹೋದಳು. ಅನ್ನಕ್ಕೆ ಉಪ್ಪು ಬಿದ್ದಿದೆಯೋ ಇಲ್ಲವೋ ಅವಳಿಗೆ ತಿಳಿಯುತ್ತಿರಲಿಲ್ಲ. ಕೊಟ್ಟದ್ದನ್ನು ಉಣ್ಣುತ್ತಿದ್ದಳು.

ಆ ಧುನ್ ಇನ್ನೊಮ್ಮೆ ಕಿವಿಗೆ ಬಿದ್ದರೆ ಒಳಗೆ ಏನಾದರೂ ಕರಗಬಹುದು ಎಂದುಕೊಂಡೇ 2007ರ ಬೇಸಿಗೆಯಲ್ಲಿ ಅವಳು ಭರಮುವಿನ ಅಂಗಡಿಗೆ ಬಂದಿದ್ದಳು. ಹೆಸರು ಗೊತ್ತಿಲ್ಲ, ಬೇಕಾದರೆ ಗುನುಗುತ್ತೇನೆ ಎಂದಿದ್ದಳು. ಗಿರಾಕಿಗಳ ನಡುವೆ, ಎಳ್ಳಷ್ಟೂ ನಾಚದೆ ಗುನುಗಿದಳು. ಭರಮು ಅದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡ. ಪುಣೆಯ ಹೋಲ್‌ಸೇಲ್ ಅಂಗಡಿಯವನಿಗೆ ಕೇಳಿಸಿದ. ಅವನ ಪರಿಚಯದ ಪಿಯಾನೋ ಟೀಚರ್ ಒಬ್ಬರು ಗುರುತು ಹಿಡಿದರು: ಬರೋಕ್ ಸಂಗೀತ, ಯುರೋಪಿನದು, ಹೆಚ್ಚುಕಡಿಮೆ ಮುನ್ನೂರು ವರ್ಷದ ಹಿಂದಿನದು.

ಈಗ ಆ ಸಿಡಿ ಕೌಂಟರಿನ ಮೇಲೆ ಬಿದ್ದಿತ್ತು.

“ಒಂದ ವಾರ ಟೈಮ್ ಕೊಡ್ರಿ. ಸ್ಲೋ ಯಾಕಾತು, ನೋಡತೇನಿ,” ಎಂದ ಭರಮು.

ಸಿಡಿಯ ಜೊತೆಗಿದ್ದ ಇಂಗ್ಲಿಷ್ ಪುಸ್ತಿಕೆಯನ್ನು ಅವನು ಡಿಕ್ಷನರಿ ಹಿಡಿದು ಓದಿದ. ಮುಂದಿನ ಶನಿವಾರ ಅವಳು ಬಂದಾಗ ಸ್ಟೂಲ್ ಒರೆಸಿ ಮುಂದಿಟ್ಟ.

“ಸಿಡಿ ಬರೋಬ್ಬರಿ ಐತ್ರಿ. ಆ ಕಾಲದಾಗ ಸ್ವರಾನ ಕೆಳಗ ಇತ್ತಂತ. ಆಮ್ಯಾಲಿನವ್ರು ಏರಿಸ್ಯಾರ. ಈ ಮಂದಿ ಹಳೇ ನಮೂನಿ ವಾದ್ಯ ಮಾಡಿಸಿಕೊಂಡು, ಹಳೇ ಸ್ವರದಾಗ ಬಾರಸತಾರ. ನೋಡ್ರಿಲ್ಲಿ, ಕಟಗೀ ಫ್ಲೂಟ್. ಪಿಟೀಲಿಗೆ ಉಕ್ಕಿನ ತಂತಿ ಇಲ್ಲ, ಕುರಿ ಕರಳಿಂದು.”

“ಯಾಕ ಇಷ್ಟೆಲ್ಲಾ?”

“ಈ ಧುನ್ ಬರದಾಂವ ಹೆಂಗ ಕೇಳಿದ್ನೋ ಹಂಗ ಕೇಳಬೇಕಂತ.”

ಸಾರಿಕಾ ಚಿತ್ರದಲ್ಲಿದ್ದ ಮರದ ಫ್ಲೂಟನ್ನು ಬಹಳ ಹೊತ್ತು ನೋಡಿದಳು. “ಅಂವ ಸತ್ತಾನಲ್ರಿ,” ಎಂದಳು.

ಭರಮು ಪುಸ್ತಿಕೆಯನ್ನು ಮಡಚಿ ಸಿಡಿಯ ಡಬ್ಬಿಗೆ ಸೇರಿಸಿದ.

ಈಗಿನ ಬೆಳ್ಳಿ ಫ್ಲೂಟಿನಲ್ಲಿ ನುಡಿಸಿದ ಸಿಡಿಯನ್ನೂ ಅವನು ತರಿಸಿದ. ಅವಳು ಹೆಡ್‌ಫೋನ್ ಹಾಕಿಕೊಂಡು ಕೂತಳು. ಅವನು ಒರೆಸಿದ್ದ ಶೆಲ್ಫನ್ನೇ ಮತ್ತೆ ಒರೆಸುತ್ತ ಓರೆಗಣ್ಣಿನಿಂದ ನೋಡಿದ. ರೆಪ್ಪೆ ಅಲುಗಲಿಲ್ಲ. ಹೆಬ್ಬೆರಳು ಮಾತ್ರ ಸೀರೆಯ ಅಂಚನ್ನು ತಿಕ್ಕುತ್ತಿತ್ತು. ಕಿವಿಯ ಹಿಂದೆ ಬೆವರಿಗೆ ಅಂಟಿಕೊಂಡಿದ್ದ ಒಂದು ಕೂದಲನ್ನು ನೋಡಿದವನು ಬೇಗ ಆಚೆ ತಿರುಗಿದ.

“ಇದ ಹೌದ್ರಿ,” ಎಂದಳು ಹೆಡ್‌ಫೋನ್ ತೆಗೆದು. “ಬರೋಬ್ಬರಿ ಇದ.”

“ಮತ್ತ?”

“ಏನೂ ಆಗಲಿಲ್ಲ.”

ಎದ್ದು ಹೋಗುತ್ತಾಳೆ ಎಂದುಕೊಂಡ. ಅವಳು ಹೋಗಲಿಲ್ಲ. “ಆ ಸ್ಲೋ ಇದ್ದದ್ದು ಇನ್ನೊಮ್ಮೆ ಹಚ್ರಿ,” ಎಂದಳು.

ಈ ಸಲ ಅವನು ಸ್ಪೀಕರಿಗೇ ಹಾಕಿದ. ಮರದ ಫ್ಲೂಟಿನ ದನಿ ಹೊಳೆಯುತ್ತಿರಲಿಲ್ಲ, ಸ್ವಲ್ಪ ಒರಟಾಗಿ, ಪಕ್ಕದಲ್ಲಿ ಕೂತು ಮಾತಾಡಿದ ಹಾಗಿತ್ತು. ಪ್ರತಿ ಸಾಲಿನ ಮೊದಲು ನುಡಿಸುವವನು ಉಸಿರೆಳೆದುಕೊಳ್ಳುವುದು ಕೇಳುತ್ತಿತ್ತು.

“ಇಂವ ದಣೀತಾನ,” ಎಂದಳು ಸಾರಿಕಾ.

ಅಂದಿನಿಂದ ಶನಿವಾರ ಡ್ಯೂಟಿ ಬಿಟ್ಟ ಮೇಲೆ ಅವಳು ಅಂಗಡಿಗೆ ಬರುವುದು ರೂಢಿಯಾಯಿತು. ಹಳೇ ವಾದ್ಯದವರ ಸಿಡಿಗಳನ್ನೇ ಹುಡುಕಿ ತರಿಸುವ ಹುಚ್ಚು ಭರಮುವಿಗೆ ಹಿಡಿಯಿತು. ನಿಪ್ಪಾಣಿಯಲ್ಲಿ ಅವನ್ನು ಕೊಳ್ಳುವವರು ಯಾರೂ ಇರಲಿಲ್ಲ. ಪಿಯಾನೋಗಿಂತ ಹಳೆಯ ವಾದ್ಯವಾದ ಹಾರ್ಪ್‌ಸಿಕಾರ್ಡ್ ಕೇಳಿಸಿದ ದಿನ ಅವಳು, “ಯಾರೋ ಚಮಚದ ಡಬ್ಬಿ ಅಳ್ಳಾಡಿಸಿಧಂಗ ಐತಿ,” ಎಂದಳು. ಕಾಲುಗಳ ನಡುವೆ ಹಿಡಿದು ನುಡಿಸುವ ದೊಡ್ಡ ಪಿಟೀಲಿನಂಥ ಗಾಂಬಾ ಕೇಳಿಸಿದ ದಿನ ಮನೆಗೆ ಹೋಗುವ ಎರಡು ಬಸ್ಸು ಬಿಟ್ಟು ಕೂತಳು.

“ಇದೂ ಕುರಿ ಕರಳ ಏನ್ರಿ?”

“ಹೌದ್ರಿ. ನಮ್ಮವ್ವಗ ಫೋನಿನ್ಯಾಗ ಹೇಳಿದ್ನಿ. ‘ನಮ್ಮ ಕುರಿ ಜಲಮ ಪೂರ್ತಿ ಬ್ಯಾ ಅಂದು ಸಾಯ್ತಾವ, ಅವರವು ಸತ್ತ ಮ್ಯಾಲೆ ಹಾಡ್ತಾವೇನೋ’ ಅಂದ್ಲು.”

ಭರಮುವಿನ ಊರು ಜುಗೂಳ. ತಾಯಿ ಮಲಕವ್ವ ಅಲ್ಲಿ ಒಂದಿಷ್ಟು ಹೊಲ, ಕುರಿ ನೋಡಿಕೊಂಡಿದ್ದಳು. ಸಾರಿಕಾಳ ತುಟಿ ಒಂದಿಷ್ಟು ಸಡಿಲಾಯಿತು.

“ನಿಮ್ಮ ನಗಿ ಯಾವಾಗ ಸ್ಟಾಕ್ ಬರ್ತೈತ್ರಿ?” ಎಂದು ಭರಮು ಕೆಣಕಿದ.

“ಆರ್ಡರ್ ಹಾಕೀರೇನ?”

“ಹಾಕಿ ಬಾಳ ದಿವಸಾತ್ರಿ.”

ಅವಳು ಅವನ ಮುಖವನ್ನೇ ನೋಡಿದಳು. ನೋಟ ತಪ್ಪಿಸಿಕೊಳ್ಳುವ ನಾಚಿಕೆಯೂ ಅದರಲ್ಲಿ ಇರಲಿಲ್ಲ. ಭರಮುವಿಗೇ ನಾಚಿಕೆಯಾಗಿ ಬಿಲ್ ಬುಕ್ಕು ಕೆಳಗೆ ಬೀಳಿಸಿದ.

ಎರಡು ವರ್ಷದಲ್ಲಿ ಸಿಡಿ ವ್ಯಾಪಾರ ಕುಸಿಯಿತು. ಜನ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಳ್ಳತೊಡಗಿದರು. ಅಥಣಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ ಗೆಳೆಯ ಜ್ಞಾನದೇವ ಪಾಲುದಾರನಾಗಲು ಕರೆದ. ಭರಮು ಒಪ್ಪಿಕೊಂಡ. ಆ ಶನಿವಾರ ಸಿಡಿ ಹಚ್ಚಲಿಲ್ಲ.

“ನಾ ಅಥಣಿಗೆ ಹೊಂಟೇನ್ರಿ. ಅಂಗಡಿ ಮುಚ್ಚತೇನಿ.” ಉಳಿದದ್ದನ್ನೂ ಹೇಳಿಯೇಬಿಟ್ಟ. “ನಿಮ್ಮನ್ನ ಮದುವಿ ಆಗಬೇಕಂತ ಮನಸೈತಿ. ನಿಮ್ಮ ಆ ಗುನುಗು ಇನ್ನೂ ಮೊಬೈಲ್‌ದಾಗ ಐತಿ. ದಿನಾ ಕೇಳತೇನಿ.”

ಹೊರಗೆ ಕಂಡಕ್ಟರ್ ಸಂಕೇಶ್ವರ, ಸಂಕೇಶ್ವರ ಎಂದು ಕೂಗುತ್ತಿದ್ದ.

“ನೀವು ಚಲೋ ಮಂದಿ,” ಎಂದಳು ಸಾರಿಕಾ. “ನನಗ ಸುಳ್ಳ ಹೇಳಾಕ ಬರೂದಿಲ್ಲ. ನಿಮ್ಮನ್ನ ನೋಡಿದ್ರ ನನಗ ಏನೂ ಆಗೂದಿಲ್ಲ. ಯಾರನ್ನ ನೋಡಿದ್ರೂ ಆಗೂದಿಲ್ಲ. ಕಟ್ಟಿಗಿ ಆಗೇನಿ. ಕಟ್ಟಿಗಿ ಕಟ್ಟಿಗೊಂಡು ನೀವೇನ್ ಮಾಡ್ತೀರಿ?”

ಕಟ್ಟಿಗೆಯ ಫ್ಲೂಟಿನ ಮಾತು ಅವನ ನಾಲಿಗೆ ತುದಿಗೆ ಬಂತು. ಅವಳ ಮುಖ ನೋಡಿ ನುಂಗಿಕೊಂಡ.

“ಆತ್ರಿ,” ಎಂದ. ಸಿಡಿಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿ ಅವಳ ಕೈಗೆ ಕೊಟ್ಟ.

ಮನೆಯಲ್ಲಿ ಅವಳು ಆ ಚೀಲ ಬಿಚ್ಚಲಿಲ್ಲ. ವಾರಗಳು ಒಂದೇ ತರಹ ಸಾಗಿದವು. ಬೆಳಿಗ್ಗೆ ಟೊಮೆಟೊ ಸಾರು, ಆಮೇಲೆ ಸೂಜಿ, ಹತ್ತಿ, ‘ಮುಷ್ಟಿ ಹಿಡೀರಿ’. ಒಂದು ಶನಿವಾರ ಕಾಲುಗಳು ತಾವಾಗಿಯೇ ಅವಳನ್ನು ಅಂಗಡಿಯ ಹತ್ತಿರ ತಂದವು. ಅಲ್ಲೀಗ ಬೇಕರಿ ಇತ್ತು. ಸ್ಟೂಲ್ ಇದ್ದ ಜಾಗದಲ್ಲಿ ಫ್ರಿಜ್ಜು ಗುಂಯ್ ಎನ್ನುತ್ತಿತ್ತು. ಸಾರಿಕಾ ಅದರ ಎದುರು ನಿಂತಳು. ಎದೆಯಲ್ಲಿ ಏನೋ ಬಿಸಿಯಾದದ್ದು ಮೇಲೆದ್ದಿತು. ಇದೇನು ಎಂದು ಅವಳಿಗೆ ಬೇಗ ಗುರುತೇ ಸಿಗಲಿಲ್ಲ.

ಸಿಟ್ಟು. ಭರಮುವಿನ ಮೇಲೆ ಸಿಟ್ಟು ಬಂದಿತ್ತು.

ಮರುದಿನ ಬೆಳಿಗ್ಗೆ ಚಿಕ್ಕೋಡಿಯ ಬಸ್ಸು ಹಿಡಿದಳು, ಅಲ್ಲಿಂದ ಅಥಣಿಯದು. ದಾರಿಯುದ್ದಕ್ಕೂ ಸಿಟ್ಟು ಆರಿಹೋಗದಂತೆ ಕಾಯ್ದುಕೊಂಡಳು. ಜ್ಞಾನದೇವನ ಅಂಗಡಿಯಲ್ಲಿ ಭರಮು ಕಣ್ಣಿಗೆ ಭೂತಕನ್ನಡಿ ಸಿಕ್ಕಿಸಿಕೊಂಡು ಒಂದು ಫೋನ್ ಬಿಚ್ಚಿಟ್ಟು ಕೂತಿದ್ದ.

“ಹಂಗ ಬಿಟ್ಟ ಹೋಗೂದೇನ್ರಿ?”

ಅವನು ದಡಬಡಿಸಿ ಎದ್ದ. ಭೂತಕನ್ನಡಿ ಕಣ್ಣಲ್ಲೇ ಇತ್ತು. “ಹೇಳೇ ಬಂದೇನಲ್ರಿ.”

“ಹೇಳಿದ್ರೂ ಹೋಗಬಾರದಿತ್ತು!”

ಜ್ಞಾನದೇವ ಚಹಾ ತರುವ ನೆಪ ಮಾಡಿ ಹೊರಗೆ ನಡೆದ.

“ನೀವ ಅಂದ್ರಿ, ಏನೂ ಆಗೂದಿಲ್ಲಂತ.”

“ಅಂದಿದ್ನಿ. ಈಗ ಆಗಾಕತ್ತೈತಿ. ಸಿಟ್ಟ ಬಂದೈತಿ. ಪ್ರೀತಿ ಐತೋ ಇಲ್ಲೋ ನಂಗ ಗೊತ್ತಿಲ್ಲ, ಕೇಳಬ್ಯಾಡ್ರಿ. ಶನಿವಾರ ನೀವು ಕಾಣಲಿಲ್ಲ ಅಂದ್ರ ಸಿಟ್ಟ ಬರ್ತೈತಿ, ಅಷ್ಟ.”

ಭರಮು ಭೂತಕನ್ನಡಿ ತೆಗೆದ. ಕಣ್ಣು ಒದ್ದೆಯಾಗಿತ್ತು. ನಗುತ್ತಲೂ ಇದ್ದ. “ಅಷ್ಟ ಸಾಕ್ರಿ ನನಗ. ಉಳದದ್ದು ಬಂದಾಗ ಬರ್ಲಿ.”

“ಅತ್ತಿ ನನ್ನ ಜೋಡಿ ಇರ್ತಾರ.”

“ಇರ್ಲಿ.”

“ನಿಮ್ಮ ಅವ್ವ ನಮ್ಮ ಜಾತಿ, ನಮ್ಮ ಓಣಿ ಹುಡುಗಿ ಅಂದ್ರ ಒಪ್ಪತಾರೇನ?”

ಅವನು ನೆಲ ನೋಡಿದ. “ಈಗ ಒಪ್ಪೂದಿಲ್ಲ. ಸುಳ್ಳ ಹೇಳಾಕ ನನಗೂ ಬರೂದಿಲ್ಲ.”

ಮಲಕವ್ವ ಒಪ್ಪಲಿಲ್ಲ. ಮಗ ಊರಿಗೆ ಹೋಗಿ ಹೇಳಿದಾಗ ಬೆನ್ನು ತಿರುಗಿಸಿ ಕುರಿಗೆ ಸೊಪ್ಪು ಹಾಕುತ್ತಲೇ ಇದ್ದಳು. ಸುಂದರಾಳಿಗೆ ಹೇಳುವುದು ಸಾರಿಕಾಳಿಗೆ ಅದಕ್ಕಿಂತ ಕಷ್ಟವಾಗಿತ್ತು. ಅತ್ತೆ ಜೋಳ ಹಸನು ಮಾಡುತ್ತ ಪೂರ್ತಿ ಕೇಳಿಸಿಕೊಂಡಳು. “ನೀ ಉಣ್ಣೂದ ನೋಡಿ ನೋಡಿ ನನ್ನ ಹೊಟ್ಟಿ ಉರದೈತಿ,” ಎಂದಳು. “ಹೆಣಕ್ಕ ಎಡಿ ಹಿಡಧಂಗ ಉಣ್ತಿದ್ದಿ ಬೇ. ಲಖನ ನನ್ನ ಮಗ, ನನಗ ಎರಡನೇದಾಂವ ಸಿಗೂದಿಲ್ಲ. ನಿನಗ ಸಿಕ್ಕಾನ. ಹೋಗು.”

“ನೀವೂ ಬರಬೇಕ್ರಿ.”

ಸುಂದರಾ ಜೋಳ ಕೇರತೊಡಗಿದಳು.

2010ರ ಚಳಿಗಾಲದಲ್ಲಿ ಚಿಕ್ಕೋಡಿಯ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾಯಿತು. ಸಾಕ್ಷಿಗಳು ಮುಂದೆ ಬರಬೇಕು ಎಂದಾಗ ಜ್ಞಾನದೇವ, ಅವನ ತಮ್ಮ ಹೋಗಿ ಸಹಿ ಹಾಕಿದರು. ಮೂರನೆಯವರು ಯಾರು ಎಂದು ಗುಮಾಸ್ತ ಕೇಳಿದ. ಸುಂದರಾ ಎದ್ದಳು. ನೀವು ವಧುವಿಗೆ ಏನಾಗಬೇಕು ಎಂದು ಅವನು ಕೇಳಿದ್ದಕ್ಕೆ, “ಅತ್ತಿ,” ಎಂದಳು. ಗುಮಾಸ್ತನ ಪೆನ್ನು ನಿಂತಿತು. ಅದನ್ನು ಅವಳು ಅವನ ಕೈಯಿಂದ ತೆಗೆದುಕೊಂಡು, ಒಂದೊಂದೇ ಅಕ್ಷರ ಕೂಡಿಸಿ ತನ್ನ ಹೆಸರು ಬರೆದಳು. ಬರೆದು ಮುಗಿದ ಮೇಲೆ ಸೆರಗು ಬಾಯಿಗೆ ಹಿಡಿದು ಗೋಡೆಯ ಕಡೆ ತಿರುಗಿದಳು.

ಸಾರಿಕಾ ಹೋಗಿ ಅವಳ ಬೆನ್ನ ಮೇಲೆ ಕೈಯಿಟ್ಟಳು. ಅವಳಿಗೆ ಆಗಲೂ ಅಳು ಬರಲಿಲ್ಲ. ಆದರೆ ಇನ್ನೊಂದು ಕೈಯಲ್ಲಿ ಹಿಡಿದಿದ್ದ ಭರಮುವಿನ ಬೆರಳುಗಳನ್ನು ಕಚೇರಿಯ ಮೆಟ್ಟಿಲಿಳಿದು, ರಸ್ತೆ ದಾಟಿ, ಬಸ್ಸಿನಲ್ಲಿ ಮೂವರೂ ಒಂದೇ ಸೀಟಿನಲ್ಲಿ ಒತ್ತಿಕೊಂಡು ಕೂತರೂ ಬಿಡಲಿಲ್ಲ.