ಕಲ್ಲಿಗೆ ಕೂತ ದೋಣಿ

ಬಾಡಿಗೆಗೆ ದೋಣಿ ಹಿಡಿದು ವಿಹಾರಕ್ಕೆ ಬರುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಒಂದು ಗಂಟೆ ಪಾಠ ಕೇಳಿ, ಅರವತ್ತಡಿ ಉದ್ದದ ದೋಣಿ ನಡೆಸಲು ಹೊರಟುಬಿಡುತ್ತಾರೆ. ನಾನು ನಾಲೆಯ ಮೇಲೆಯೇ ಹುಟ್ಟಿದವಳು. ದೋಣಿಯೇ ನನ್ನ ಮನೆ, ಬೇರೆ ಮನೆ ಇಲ್ಲ.

ಕ್ರಿಸ್ಪಿನ್ ಅಂಥವರಲ್ಲೊಬ್ಬ. ಇಂಗ್ಲೆಂಡಿನ ಶ್ರಾಪ್‌ಶೈರ್‌ನಲ್ಲಿ, ನಾಲೆಯ ತಿರುವೊಂದರಲ್ಲಿ ನನ್ನ ದೋಣಿಗೆ ಡಿಕ್ಕಿ ಹೊಡೆಯುವುದರಲ್ಲಿದ್ದ. ತಡೆಯಲು ಕಾಲು ಚಾಚಿದ. ಎರಡು ಕಬ್ಬಿಣದ ದೋಣಿಗಳ ನಡುವೆ ಕಾಲಿಡುವವನ ತಲೆಯಲ್ಲಿ ಏನಿರಬೇಕು? ಬಾಯಿಗೆ ಬಂದಂತೆ ಬೈದೆ. ಕಾಲು ಹಿಂದಕ್ಕೆಳೆದುಕೊಂಡು ನಕ್ಕ. ಬೂದು ಕಣ್ಣು, ನಾಚಿಕೆಯ ಲವಲೇಶವಿಲ್ಲ. ಕಣ್ಣಿನ ಬಣ್ಣ ಗಮನಿಸಿದ್ದಕ್ಕೆ ನನ್ನ ಮೇಲೇ ನನಗೆ ಸಿಟ್ಟು ಬಂತು.

ಮೂರು ದಿನ ಬೆನ್ನು ಬಿಡಲಿಲ್ಲ. ನಾಲೆಯ ಮಟ್ಟ ಬದಲಾಗುವಲ್ಲಿ, ಎರಡು ಗೇಟುಗಳ ನಡುವೆ ನೀರು ಏರಿಸಿ ಇಳಿಸಿ ದೋಣಿ ದಾಟಿಸುವ ಲಾಕುಗಳಿವೆ; ಪ್ರತಿ ಲಾಕಿನಲ್ಲೂ ತನ್ನ ದೋಣಿಯನ್ನು ಮೇಲ್ಗಡೆಯ ದಡಕ್ಕೆ ಕಟ್ಟಿ, ನನ್ನ ಗೇಟು ತೆಗೆಯಲು ಓಡಿ ಬರುತ್ತಿದ್ದ. ನಾನು ಬೈಯುತ್ತಲೇ ಕಲಿಸಿದೆ: ಲಾಕಿನ ನೀರು ಇಳಿಯುವಾಗ ದೋಣಿಯ ಹಿಂಭಾಗ ಗೋಡೆಯ ಬಿಳಿ ಗೆರೆಗಿಂತ ಮುಂದಿರಬೇಕು. ಇಲ್ಲದಿದ್ದರೆ ಮೇಲಿನ ಗೇಟಿನ ಬುಡದ ಕಲ್ಲಿಗೆ ಕೂತು, ಮುಂಭಾಗ ತಗ್ಗಿ ಮುಳುಗುತ್ತದೆ. ನಿನ್ನಂಥ ಪೆದ್ದರೇ ಹೀಗೆ ಮುಳುಗುವುದು ಎಂದೂ ಹೇಳಿದೆ.

ನಾಲ್ಕನೆಯ ದಿನ, ನಾಳೆ ದೋಣಿ ವಾಪಸ್ ಕೊಟ್ಟು ಊರಿಗೆ ಹೋಗುತ್ತೇನೆ ಎಂದ. ನಾಲೆಗೆ ಹಿಡಿದ ಪೀಡೆ ತೊಲಗಿತು ಎಂದೆ. ನನ್ನ ದೋಣಿ ಲಾಕಿನೊಳಗಿತ್ತು. ಅವನು ಕೆಳಗಿನ ಗೇಟಿಗೆ ಹೋಗಿ, ನೀರು ಬಿಡುವ ಕಿಂಡಿಯ ಹಿಡಿ ತಿರುಗಿಸತೊಡಗಿದ. ಬಿಸಿಲಿಗೆ ಕೆಂಪಾದ ಅವನ ಕತ್ತನ್ನು ನೋಡುತ್ತ ನಿಂತೆ. ಚುಕ್ಕಾಣಿ ಕೈಯಲ್ಲಿತ್ತು, ಗಮನವಿರಲಿಲ್ಲ. ದೋಣಿ ಮೆಲ್ಲಗೆ ಹಿಂದೆ ಸರಿದಿತ್ತು.

ಕಾಲಡಿಯಲ್ಲಿ ಕಬ್ಬಿಣ ನರಳಿತು. ಒಳಗೆ ಅಮ್ಮನ ಪಿಂಗಾಣಿ ತಟ್ಟೆಗಳು ಒಂದೊಂದಾಗಿ ಒಡೆದವು. ಮುಂಭಾಗ ತಗ್ಗುತ್ತಲೇ ಇತ್ತು.

"ಥರ್ಜಾ, ಹಿಂದುಗಡೆ ಕಲ್ಲಿಗೆ ಕೂತಿದೆ. ಗಟ್ಟಿಯಾಗಿ ಹಿಡ್ಕೋ," ಎಂದು ಕ್ರಿಸ್ಪಿನ್ ನನ್ನ ಹೆಸರು ಹಿಡಿದು ಹೇಳಿದ.

ಕೂಗಾಡಲಿಲ್ಲ, ಗಾಬರಿಯಾಗಲಿಲ್ಲ. ಕೆಳಗಿನ ಕಿಂಡಿ ಮುಚ್ಚಿದ, ಓಡಿ ಹೋಗಿ ಮೇಲಿನದನ್ನು ಸ್ವಲ್ಪ ಸ್ವಲ್ಪವೇ ತೆರೆದ. ನೀರು ಏರಿತು, ದೋಣಿ ಕಲ್ಲು ಬಿಟ್ಟು ಸಮವಾಯಿತು.

ಈಗ ಆಡಿಕೊಳ್ಳುತ್ತಾನೆ ಎಂದು ಕಾದೆ. ಅವನು ದಡದ ಮೇಲೆ ಕುಕ್ಕರಿಸಿ ಕೂತು, "ಅಷ್ಟೊಂದು ಏನು ನೋಡ್ತಿದ್ದೆ?" ಎಂದು ಕೇಳಿದ.

"ನಿನ್ನನ್ನೇ ಕಣೋ, ದಂಡಪಿಂಡ. ಇನ್ನೇನು ನೋಡಲಿ?"

ಮೊದಲ ಸಲ ಆ ಕಣ್ಣಿಗೆ ನಾಚಿಕೆ ಬಂತು.

"ನಾಳೆ ದೋಣಿ ಕೊಟ್ಟು ವಾಪಸ್ ಬಾ," ಎಂದೆ. "ಊರಿಗೆ ಹೋಗ್ಬೇಡ. ನೀನಿಲ್ಲದೆ ನನಗಾಗಲ್ಲ."

ಅವನು ಎದ್ದು ನನ್ನ ದೋಣಿಗೆ ಕಾಲಿಟ್ಟ. ಬೂಟಿನ ತುಂಬ ಕೆಸರು. ಬಿಚ್ಚಿ ಒಳಗೆ ಬಾ, ಇದು ಮನೆ ಎಂದೆ.