ನಡುವಿನ ಹಾಳೆ

ನಾಲ್ಕನೆಯ ಪುಟದ ಎದುರಿಗೇ ಒಂಬತ್ತನೆಯ ಪುಟ ಬಂದಿತು. ನಿರುಪಮಾ ಪತ್ರಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ಕೊಡವಿದರು. ಬಟ್ಟೆಯಂಗಡಿಯ ಜಾಹೀರಾತಿನ ಚೀಟಿಯೊಂದು ಉದುರಿತೇ ಹೊರತು ನಡುವಿನ ಹಾಳೆ ಉದುರಲಿಲ್ಲ.

"ಮತ್ತ ಇಲ್ಲ ನೋಡ್ರಿ. ಈ ವರ್ಷದಾಗ ಇದು ಐದನೇ ಸಲ."

ಗಂಡ ಬಿಂದುಮಾಧವರಾಯರು ಹಾರ್ಮೋನಿಯಂನ ಧೂಳು ಒರೆಸುತ್ತ ಕೂತಿದ್ದರು. "ಹನ್ನೆರಡು ಪುಟದಾಗ ಎಂಟು ಬಂದಾವಲ್ಲ, ಓದು. ಎಂಟರಾಗ ಏನು ಸುಖದ ಸುದ್ದಿ ಕಡಿಮಿ ಬಿದ್ದದ?"

"ನನ್ನ ಪದಬಂಧ ಆರನೇ ಪುಟದಾಗ ಇರ್ತದ. ನಿಮಗ ಗೊತ್ತದ."

ಅವರಿಗೆ ಗೊತ್ತಿತ್ತು. ಆದ್ದರಿಂದ ಮತ್ತೆ ಧೂಳು ಒರೆಸತೊಡಗಿದರು.

ಮೊದಲೆಲ್ಲ ಆ ಪದಬಂಧ ತುಂಬುತ್ತಿದ್ದವನು ಮಗ ಅತುಲ. ಗೋಪನಕೊಪ್ಪದ ಈ ಮನೆಯ ಕಟ್ಟೆಯ ಮೇಲೆ ಚಹಾದ ಲೋಟ ಪಕ್ಕಕ್ಕಿಟ್ಟುಕೊಂಡು ಒಂದೊಂದೇ ಚೌಕ ತುಂಬುತ್ತಿದ್ದ. ಕೊನೆಯ ಶಬ್ದ ಗೊತ್ತಿದ್ದರೂ ಬರೆಯುತ್ತಿರಲಿಲ್ಲ. ಪತ್ರಿಕೆಯನ್ನು ಮಡಚಿ ಒಲೆಯ ಪಕ್ಕದ ಕಟ್ಟೆಯ ಮೇಲೆ ಪೆನ್ಸಿಲ್ಲಿನ ಸಮೇತ ಇಟ್ಟು, "ಅವ್ವಾ, ಇದೊಂದು ನಿನ್ನ ಪಾಲಿಂದು" ಎಂದು ಕೆಲಸಕ್ಕೆ ಹೊರಡುತ್ತಿದ್ದ. ಮೂವತ್ತು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಕನ್ನಡ ಕಲಿಸಿದ ತಾಯಿಗೆ ಮಗ ಹಾಗೆ ಬಿಟ್ಟುಕೊಡುವುದು ತಿಳಿಯುತ್ತಿರಲಿಲ್ಲವೇ? ತಿಳಿದೂ ತಿಳಿಯದವರ ಹಾಗೆ, ಸಾರು ಕುದಿಯುವವರೆಗೆ ಯೋಚಿಸಿದಂತೆ ಮಾಡಿ ಬರೆಯುತ್ತಿದ್ದರು.

ಎರಡು ವರ್ಷದ ಹಿಂದೆ ಅತುಲ ಕಾರ್ಖಾನೆಯ ಕೆಲಸದ ಮೇಲೆ ದೂರದ ಊರಿಗೆ ಹೋದ. ಅಲ್ಲಿನ ಮಾರುಕಟ್ಟೆಯಲ್ಲಿ ಸಂಜೆ ಆರಕ್ಕೆ ಬಾಂಬು ಸಿಡಿಯಿತು. ಆ ಊರಿನ ಹೆಸರನ್ನು ಈ ಮನೆಯಲ್ಲಿ ಈಗ ಯಾರೂ ಹೇಳುವುದಿಲ್ಲ. ಟಿ.ವಿ.ಯವನೊಬ್ಬ ಬಂದು ಬಾಯಿಯ ಹತ್ತಿರ ಮೈಕು ಹಿಡಿದು, "ಈ ಹೊತ್ತಿನಲ್ಲಿ ನಿಮಗೆ ಏನನ್ನಿಸುತ್ತಿದೆ?" ಎಂದು ಕೇಳಿದ್ದ. ಅವನ ಜೊತೆಗಿದ್ದ ಕ್ಯಾಮೆರಾದವನು ಮಾತ್ರ ಹೊಸ್ತಿಲ ಹೊರಗೆ ಬೂಟು ಬಿಚ್ಚಿಟ್ಟು ಬಂದಿದ್ದ. ನಿರುಪಮಾ ಸೆರಗನ್ನು ಮುಖಕ್ಕೆ ಒತ್ತಿಕೊಂಡಾಗ ಕ್ಯಾಮೆರಾ ಕೆಳಗಿಳಿಸಿದ್ದ. ಆ ಕ್ಯಾಮೆರಾ ಹುಡುಗನ ಮುಖ ಮರೆತಿದೆ, ಹೊಸ್ತಿಲಾಚೆಯ ಆ ಬೂಟುಗಳು ನೆನಪಿವೆ.

ಮಾರನೆಯ ದಿನದ ಪತ್ರಿಕೆಯಲ್ಲಿ ದೊಡ್ಡದೊಂದು ಬಣ್ಣದ ಚಿತ್ರ ಬಂದಿತ್ತು. ಬೀದಿಯ ತುಂಬ ಚೆಲ್ಲಾಪಿಲ್ಲಿಯಾದ ಚಪ್ಪಲಿಗಳು. ಅವುಗಳಲ್ಲಿ ಒಂದರ ಪಟ್ಟಿಗೆ ಹಳದಿ ದಾರದ ಹೊಲಿಗೆ. ಮೋಚಿಯ ಹತ್ತಿರ ಒಯ್ದವರು ನಿರುಪಮಾ ತಾವೇ. ಕರಿ ದಾರ ತೀರಿದೆ ಎಂದಾಗ, ಯಾವುದಾದರೂ ಹಾಕಪ್ಪ, ಗಟ್ಟಿಯಾಗಿದ್ದರೆ ಸಾಕು ಎಂದಿದ್ದವರೂ ಅವರೇ. ಮಗನ ಸಾವನ್ನು ಅವರು ನಂಬಿದ್ದು ಆ ಹಳದಿ ಹೊಲಿಗೆಯನ್ನು ನೋಡಿದ ಮೇಲೆ… ಅನಂತರ ಟಿ.ವಿ.ಯ ಕೇಬಲ್ ತೆಗೆಸಿದರು. ಉಳಿದದ್ದು ಬೆಳಗಿನ ಪತ್ರಿಕೆ, ಅದರ ಆರನೆಯ ಪುಟ. ಪದಬಂಧದ ಮುಂದೆ ಕೂತಷ್ಟು ಹೊತ್ತು ಅತುಲ ಎದುರಿಗೆ ಚಹಾ ಕುಡಿಯುತ್ತಿರುವಂತೆ ಅನ್ನಿಸುತ್ತಿತ್ತು. ಕೊನೆಯ ಶಬ್ದವನ್ನು ಅವರೂ ಬರೆಯದೆ ಬಿಡುತ್ತಿದ್ದರು. ತುಂಬುವವರು ಯಾರೂ ಇರಲಿಲ್ಲ.

ಹಾಳೆ ಸಿಗದ ಆ ಗುರುವಾರ ನಿರುಪಮಾ ಎದ್ದು ಫೋನಿನ ಹತ್ತಿರ ಹೋದರು. "ಇವತ್ತ ಏಜೆಂಟಗ ಹೇಳೇಬಿಡ್ತೇನಿ. ಆ ಪೇಪರ್ ಹಾಕೂ ಗಿರಿಯಪ್ಪ ಹಾಳಿ ಕದ್ದು ಚುರುಮುರಿ ಅಂಗಡಿಗೆ ಹಾಕ್ಲಿಕ್ಕತ್ತಾನ. ಅವನ್ನ ತಗೀರಿ, ಬ್ಯಾರೆಯವರನ್ನ ಕಳಸ್ರಿ ಅಂತ."

ತಾರಿಹಾಳದ ಕಾರ್ಖಾನೆಯ ಆಫೀಸಿಗೆ ಹೊರಟು ನಿಂತಿದ್ದ ಸೊಸೆ ಸುಮೇಧಾ ಬಾಗಿಲಿನಿಂದ ತಿರುಗಿ ಬಂದು ಫೋನಿನ ಮೇಲೆ ಕೈಯಿಟ್ಟಳು.

"ಬ್ಯಾಡ್ರಿ ಅತ್ಯಾ. ಅಂವಂದೇನೂ ತಪ್ಪಿಲ್ಲ. ಹಾಳಿ ನಾ ತಗೊಂಡೇನಿ."

"ನೀನ? ಯಾಕ?"

ಸುಮೇಧಾ ಹೆಗಲ ಚೀಲವನ್ನು ಸರಿಮಾಡಿಕೊಂಡಳು. "ಡಬ್ಬಿಗೆ ಹಾಸ್ಲಿಕ್ಕೆ ಬೇಕಾಗಿತ್ತು."

"ಪ್ರತಿ ಸಲಾನೂ ನೀನ?"

"ಹೂಂನ್ರಿ."

ನಿರುಪಮಾ ರಿಸೀವರ್ ಕೆಳಗಿಟ್ಟರು. ಅವರು ಕೂಗಾಡುವ ಹೆಂಗಸಲ್ಲ. ಆ ಸಣ್ಣ ದನಿಯಲ್ಲೇ ಅಂದರು: "ದಿನಾ ಒಂದು ತಾಸು ನಾ ನನ್ನ ಮಗನ ಜೋಡಿ ಕೂಡ್ತಿದ್ದೆ, ಸುಮೇಧಾ. ಅದನ್ನ ಒಯ್ದು ನೀ ಮೆಣಸಿನಕಾಯಿ ಡಬ್ಬಿಗೆ ಹಾಸಿದಿ. ಎರಡು ವರ್ಷದಾಗ ನಿನ್ನ ಕಣ್ಣಾಗ ನಾ ನೀರು ನೋಡಿಲ್ಲ. ನೋಡಬೇಕು ಅಂತನೂ ಇಲ್ಲ. ಆದ್ರ ಅಂವನ್ನ ಇಷ್ಟು ಲಗೂ ಮರ್ತಾಕಿ ಈ ಮನ್ಯಾಗ ಯಾಕ ಇರಬೇಕು? ನಿಮ್ಮಣ್ಣ ಬೆಳಗಾವಿಗೆ ಕರೀಲಿಕ್ಕತ್ತಾನಲ್ಲ, ಹೋಗು."

ಬಿಂದುಮಾಧವರಾಯರ ಕೈ ಹಾರ್ಮೋನಿಯಂ ಮೇಲೆ ನಿಂತುಬಿಟ್ಟಿತು. "ನಿರೂ…" ಎಂದರು.

ಸುಮೇಧಾ ಅತ್ತೆಯ ಕಾಲಿನ ಕಡೆಗೇ ನೋಡುತ್ತಿದ್ದಳು. "ಆಗಲಿರಿ," ಎಂದಳು. "ರವಿವಾರ ಸೃಷ್ಟೀನ್ನ ಕರ್ಕೊಂಡು ಹೋಗ್ತೇನಿ." ಬಸ್ಸಿಗೆ ಹೊತ್ತಾಗಿತ್ತು, ಚಪ್ಪಲಿ ಮೆಟ್ಟಿ ಹೊರಟುಹೋದಳು.

ಆ ಸಂಜೆ ಎಂಟು ವರ್ಷದ ಮೊಮ್ಮಗಳು ಸೃಷ್ಟಿ ಗಣಿತದ ಚೌಕದ ನೋಟುಬುಕ್ಕಿನ ಹಾಳೆಯೊಂದನ್ನು ತಂದು ಅಜ್ಜಿಯ ತೊಡೆಯ ಮೇಲಿಟ್ಟಳು. ಕೆಲವು ಚೌಕಗಳಿಗೆ ಪೆನ್ಸಿಲ್ಲಿನಿಂದ ಕಪ್ಪು ತುಂಬಿತ್ತು, ಕೆಳಗೆ ಸುಳಿವುಗಳ ಸಾಲು.

"ಅಜ್ಜಿ, ಪದಬಂಧ. ನಾನ ಮಾಡೇನಿ."

ಇಂಥ ಪದಬಂಧಗಳನ್ನು ಹುಡುಗಿ ಮೊದಲೂ ತಂದುಕೊಟ್ಟಿದ್ದಳು. ಮಗುವಿನ ಆಟವೆಂದು ನಿರುಪಮಾ ಅವನ್ನು ಭಗವದ್ಗೀತೆಯ ಪುಸ್ತಕದೊಳಗೆ ಇಟ್ಟು ಮರೆತಿದ್ದರು. ಈ ಸಲ ಮನಸ್ಸು ಕೆಟ್ಟಿತ್ತು. ಸುಮ್ಮನಿರಲಾರದೆ ತುಂಬತೊಡಗಿದರು. 'ಸುಮ್ಮನೆ ಹೊತ್ತು ಕಳೆಯುವುದು, ಐದಕ್ಷರ.' ಕಾಲಯಾಪನೆ. ಇದೆಲ್ಲಿ ಸಿಕ್ಕಿತು ಈ ಹುಡುಗಿಗೆ?

ಶುಕ್ರವಾರದ ಪತ್ರಿಕೆ ಪೂರ್ತಿ ಬಂದಿತು. ಆರನೆಯ ಪುಟದ ಮೂಲೆಯಲ್ಲಿ ನಿನ್ನೆಯ ಪದಬಂಧದ ಉತ್ತರಗಳಿದ್ದವು. ಮೇಲಿನಿಂದ ಕೆಳಗೆ ಮೂರು: ಕಾಲಯಾಪನೆ. ನಿರುಪಮಾ ಒಳಗೆ ಹೋಗಿ ಸೃಷ್ಟಿಯ ಹಾಳೆಯನ್ನು ತಂದರು. ಒಂದೊಂದಾಗಿ ಹೋಲಿಸಿದರು. ಎಲ್ಲವೂ ಸರಿಹೊಂದಿದವು. ಈಗ ಅಕ್ಷರಗಳನ್ನೂ ನೋಡಿದರು. ಮಗುವಿನ ಅಕ್ಷರ ಇಷ್ಟು ನೆಟ್ಟಗಿರುವುದಿಲ್ಲ. 'ಳ'ದ ಬಾಲವನ್ನು ಹೀಗೆ ಉದ್ದಕ್ಕೆ ಎಳೆಯುವವಳು ಈ ಮನೆಯಲ್ಲಿ ಒಬ್ಬಳೇ.

ಡಬ್ಬಿಗೆ ಹಾಸುವವಳು ಕೂತು ಪದಬಂಧವನ್ನು ಏಕೆ ನಕಲು ಮಾಡುತ್ತಾಳೆ? ನಕಲು ಮಾಡುವಷ್ಟು ಪುರುಸೊತ್ತು ಇದ್ದವಳು ಹಾಳೆಯನ್ನೇ ಏಕೆ ಕೊಡುವುದಿಲ್ಲ?

ಶನಿವಾರ ಬೆಳಿಗ್ಗೆ ಗಿರಿಯಪ್ಪ ಸೈಕಲ್ಲಿನ ಮೇಲೆ ಬಂದಾಗ ನಿರುಪಮಾ ಗೇಟಿನ ಹತ್ತಿರವೇ ನಿಂತಿದ್ದರು. ಐವತ್ತು ದಾಟಿದ ಮನುಷ್ಯ, ಕಿವಿಗೆ ಮಫ್ಲರ್ ಸುತ್ತಿದ್ದ. ಅವರನ್ನು ಕಂಡವನೇ ಕಾಲೂರಿ ನಿಂತ.

"ಗಿರಿಯಪ್ಪ, ನಡುವಿನ ಹಾಳಿ ಯಾರು ತಗೀತಾರ?"

ಅವನು ಮಫ್ಲರ್ ಸರಿಮಾಡಿಕೊಂಡ. ಬ್ರೇಕು ಒತ್ತಿ ನೋಡಿದ. "ಅಕ್ಕೋರ, ನಿಮ್ಮ ಮುಂದ ಸುಳ್ಳ ಹೇಳಾಕ ಬರಂಗಿಲ್ರಿ. ನನ್ನ ತಂಗಿಗೆ ಅಕ್ಷರಾ ಕಲಿಸಿದವರು ನೀವು. ನಾನ ತಗೀತೇನ್ರಿ."

"ಯಾಕೋ?"

"ಆ ಚಪ್ಪಲಿ ಫೋಟೋ ಬರ್ತೈತ್ರಿ. ದಿಲ್ಲ್ಯಾಗ ಬಾಂಬ್ ಸಿಡೀಲಿ, ಕಾಶ್ಯಾಗ ಸಿಡೀಲಿ, ಅದನ್ನ ಹಾಕ್ತಾರ. ಕೆಳಗ 'ಸಂಗ್ರಹ ಚಿತ್ರ' ಅಂತ ಬರೀತಾರ. ಮದ್ಲನೇ ಸಲ ಬಂದಾಗ ನಿಮ್ಮ ಕೈಯಾಗ ಪೇಪರ್ ಕೊಟ್ಟಾಂವ ನಾನ. ನೀವು ಆ ಚಪ್ಪಲಿ ಮ್ಯಾಲ ಬೆರಳಿಟ್ಟು ಈ ಕಟ್ಟಿ ಮ್ಯಾಲ ಕುಂತ್ರಿ. ನಾ ಲೈನ್ ಮುಗಿಸಿ ಹೊಳ್ಳಿ ಬರೂತನಾ ಹಂಗ ಕುಂತಿದ್ರಿ. ಬಿಸಲು ಮಾರೀಗೆ ಬಂದಿತ್ತು, ನಿಮಗ ಖಬರ ಇರ್ಲಿಲ್ಲ…" ಅವನು ಸೈಕಲ್ಲಿನ ಚೀಲದತ್ತ ಕೈ ಮಾಡಿದ. "ಅದಕ್ಕ ಪೇಪರ್ ಜೋಡಿಸೂ ಮುಂದ ಮದ್ಲ ನಿಮ್ಮದ ತಗದ ನೋಡ್ತೇನಿ."

"ಮೊದಲನೇ ಪುಟದಾಗ ಬಂದ್ರ ಏನು ಮಾಡ್ತಿ?"

"ಅವತ್ತ ಪೇಪರಿನ ಲಾರಿ ಬಂದಿಲ್ಲ ಅಂತೇನ್ರಿ."

ಲಾರಿಯವರನ್ನು ತಾವು ಬೈದಿದ್ದ ಬೆಳಗುಗಳು ನಿರುಪಮಾಗೆ ನೆನಪಾದವು. "ನಮ್ಮ ಸುಮೇಧಾಗ ಇದು ಗೊತ್ತದೇನು?"

"ಎರಡನೇ ಸಲಾನ ಹಿಡದ್ರು. ಬೈತಾರ ಅನ್ಕೊಂಡೆ. 'ಹಿಂದ ಅಡಗಿಮನಿ ಕಿಟಕ್ಯಾಗ ಇಟ್ಟ ಹೋಗು, ಅದರ ಹಿಂಬದಿ ಅತ್ಯಾರ ಪದಬಂಧ ಇರ್ತದ' ಅಂದ್ರು." ಪತ್ರಿಕೆಯನ್ನು ಚಾಚಿದ. "ಇವತ್ತ ಪೂರಾ ಐತ್ರಿ, ಅಕ್ಕೋರ."

ನಿರುಪಮಾ ಪತ್ರಿಕೆ ತೆಗೆದುಕೊಂಡರು. "ಒಳಗ ಬಾ, ಚಹಾ ಕುಡದ ಹೋಗು" ಎಂದರು. ಲೈನ್ ಇನ್ನೂ ಮುಗಿದಿಲ್ಲವೆಂದು ಅವನು ಸೈಕಲ್ ಹತ್ತಿದ.

ಒಳಕೋಣೆಯಲ್ಲಿ ಸೂಟ್‌ಕೇಸು ತೆರೆದಿತ್ತು. ಸೃಷ್ಟಿ ಇನ್ನೂ ಮಲಗಿದ್ದಳು. ಸುಮೇಧಾ ಮಗಳ ಶಾಲೆಯ ಸಮವಸ್ತ್ರವನ್ನು ಮಡಚಿ ಮೇಲಿಡುತ್ತಿದ್ದಳು. ಅತ್ತೆ ಹೊಸ್ತಿಲಲ್ಲಿ ನಿಂತದ್ದನ್ನು ಕಂಡು ಎದ್ದಳು.

"ಆ ಹಾಳಿ ಎಲ್ಲಿ ಅವ?"

ಸುಮೇಧಾ ಸಮವಸ್ತ್ರದ ಮಡಿಕೆಯನ್ನು ಮತ್ತೆ ಸರಿಮಾಡಿದಳು.

"ಗಿರಿಯಪ್ಪ ಎಲ್ಲಾ ಹೇಳಿದಾ."

ಸುಮೇಧಾ ಸೂಟ್‌ಕೇಸಿನ ಅಡಿಗೆ ಕೈ ಹಾಕಿದಳು. ಬಟ್ಟೆಗಳ ಕೆಳಗೆ, ಹಳೆಯ ಕಾಟನ್ ಸೀರೆಯೊಂದರಲ್ಲಿ ಸುತ್ತಿ ಇಟ್ಟಿದ್ದಳು. ಎರಡು ವರ್ಷದ ಒಂಬತ್ತು ಹಾಳೆಗಳು. ಒಂದಕ್ಕೂ ಎಣ್ಣೆಯ ಕಲೆಯಿರಲಿಲ್ಲ.

ನಿರುಪಮಾ ಮಂಚದ ಮೇಲೆ ಕೂತರು. ಮೇಲಿನ ಹಾಳೆಯಲ್ಲಿ ಪದಬಂಧದ ಕಡೆ ಕಾಣುತ್ತಿತ್ತು. ಅದನ್ನು ಹೊರಳಿಸಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು. ಅದೇ ಬೀದಿ. ಬಣ್ಣ ಸ್ವಲ್ಪ ಮಾಸಿತ್ತು, ಹಳದಿ ಹೊಲಿಗೆ ಕಂಡೂ ಕಾಣದಷ್ಟು ಸಣ್ಣದಾಗಿತ್ತು. ಸಂಗ್ರಹ ಚಿತ್ರ. ಯಾರ ಸಂಗ್ರಹ ಇದು, ಎಂದು ಅವರು ಯೋಚಿಸಿದರು. ಬೇಕಾದಾಗ ತೆಗೆದು ಹಾಕುವವರಿಗೆ ಇದರೊಳಗಿನ ಒಂದು ಹೊಲಿಗೆಯಾದರೂ ಗೊತ್ತಿದೆಯೇ?

"ಒಬ್ಬಾಕೀನ ನೋಡ್ತಿದ್ದೇನವಾ ಇದನ್ನ?"

"ಮೊದ್ಲ ನೋಡ್ತಿದ್ದಿಲ್ರಿ. ಹೊಳ್ಳಿ ಹಾಕಿ, ಚೌಕ ಬರ್ಕೊಂಡು ಸೃಷ್ಟಿ ಕೈಯಾಗ ಕೊಡ್ತಿದ್ದೆ. ಆಮ್ಯಾಲ… ಆಮ್ಯಾಲ ನೋಡ್ತಿದ್ದೆ." ಸುಮೇಧಾ ನೆಲದ ಮೇಲೆ ಕೂತಳು. "ಆ ದಿನಾ ಹೊಸಾ ಚಪ್ಪಲಿ ಹಾಕ್ಕೊಂಡು ಹೋಗ್ರಿ ಅಂದೆ. ಡಬ್ಬಿಯಿಂದ ತಗದೂ ಇಟ್ಟೆ. 'ಹಳೇದು ಕಾಲಿಗೆ ಮೆತ್ತಗದ, ಅವ್ವ ಹೊಲಿಸಿಕೊಟ್ಟಾಳ' ಅಂದ್ರು. ಹೊಸಾವು ಇನ್ನೂ ಡಬ್ಬ್ಯಾಗ ಅವರಿ ಅತ್ಯಾ…"

ಎರಡು ವರ್ಷ ನಿಂತಿದ್ದ ಅಳು ಆಗ ಬಂದಿತು. ದನಿಯಿಲ್ಲದ ಅಳು, ಮಗಳು ಎದ್ದಾಳೆಂದು ಸೀರೆಯ ಗಂಟನ್ನು ಬಾಯಿಗೆ ಒತ್ತಿಕೊಂಡಿದ್ದಳು. ನಿರುಪಮಾ ಕೈ ಚಾಚಿ ಅವಳ ತಲೆಯನ್ನು ತಮ್ಮ ಮೊಣಕಾಲಿಗೆ ಒರಗಿಸಿಕೊಂಡರು. ತಾವು ಆಡಿದ ಮಾತನ್ನು ಹೇಗೆ ಹಿಂದಕ್ಕೆ ತೆಗೆದುಕೊಳ್ಳಬೇಕೋ ಅವರಿಗೆ ತಿಳಿಯಲಿಲ್ಲ. ಇಷ್ಟು ವರ್ಷ ಮಕ್ಕಳಿಗೆ ತಪ್ಪು ತಿದ್ದುವುದನ್ನು ಕಲಿಸಿದವರು ಅವರು.

"ಇನ್ನ ಮ್ಯಾಲ ಬಂದ್ರ," ಎಂದರು ಕೊನೆಗೆ, "ನನ್ನೂ ಕರಿ. ಇಬ್ರೂ ಕೂಡಿ ನೋಡೋಣ."

ಆಮೇಲೆ ಒಂಬತ್ತು ಹಾಳೆಗಳಲ್ಲಿ ಒಂದನ್ನು ಎತ್ತಿಕೊಂಡು ಕಟ್ಟೆಗೆ ಹೋದರು. ಬಿಂದುಮಾಧವರಾಯರು ಪೆನ್ಸಿಲ್ಲನ್ನು ಬ್ಲೇಡಿನಿಂದ ಚೂಪು ಮಾಡಿ ಕೊಟ್ಟರು. ಪದಬಂಧ ತುಂಬಲು ಮುಕ್ಕಾಲು ತಾಸು ಹಿಡಿಯಿತು. ಕೊನೆಯ ಶಬ್ದದ ಮೂರು ಚೌಕಗಳನ್ನು ಖಾಲಿ ಬಿಟ್ಟು, ಚಿತ್ರದ ಬದಿ ಒಳಗಾಗುವಂತೆ ಮಡಚಿ, ಒಲೆಯ ಪಕ್ಕದ ಕಟ್ಟೆಯ ಮೇಲೆ ಪೆನ್ಸಿಲ್ಲಿನ ಸಮೇತ ಇಟ್ಟರು.

ಸುಮೇಧಾ ಮುಖ ತೊಳೆದುಕೊಂಡು ಹಾಲು ಕಾಯಿಸಲು ಬಂದಳು. ಹಾಳೆಯನ್ನು ನೋಡಿ ನಿಂತಳು.

"ಇದೊಂದು ನಿನ್ನ ಪಾಲಿಂದು," ಎಂದರು ನಿರುಪಮಾ.

"ನನಗ ಇದು ಬರೂದಿಲ್ರಿ ಅತ್ಯಾ. ನಾ ಬರೇ ಚೌಕ ಹಾಕಾಕಿ."

"ಗೊತ್ತದ. ಗಡಿಬಿಡಿ ಇಲ್ಲ. ರವಿವಾರ ಅದ, ಸೋಮವಾರ ಅದ…"

ಸುಮೇಧಾ ಒಲೆಯ ಕಡೆ ತಿರುಗಿದಳು. ಹಾಲು ಉಕ್ಕುವ ಹೊತ್ತಿಗೆ ಉರಿ ಸಣ್ಣ ಮಾಡಿದಳು. ಒಳಗೆ ಹೋಗಿ ಸೂಟ್‌ಕೇಸಿನ ಮೇಲಿದ್ದ ಸಮವಸ್ತ್ರವನ್ನು ತಂದು, ಮಡಿಕೆ ಬಿಡಿಸಿ, ಸೋಮವಾರಕ್ಕೆ ಇಸ್ತ್ರಿ ಮಾಡಬೇಕಾದ ಬಟ್ಟೆಗಳ ಜೊತೆ ಮೊಳೆಗೆ ತೂಗುಹಾಕಿದಳು. ಮತ್ತೆ ಬಂದು ಪೆನ್ಸಿಲ್ ಕೈಗೆ ತೆಗೆದುಕೊಂಡು, ಆ ಮೂರು ಚೌಕಗಳನ್ನು ನೋಡುತ್ತ ನಿಂತಳು.